ಗಿನ್ಕಾ ಅತ್ತೆಯ ಚರಮಗೀತೆ

ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವ ರಾಂಗೆಲ್ ತನ್ನ ಐವತ್ತೆರಡನೆಯ ಹುಟ್ಟುಹಬ್ಬದ ದಿನ ಊಟದ ಮೇಜಿನೆದುರು ಎದ್ದು ನಿಂತು ಘೋಷಿಸಿದ: "ಈ ವರ್ಷ ಪತ್ರಿಕೆಯ ಕವನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ನನ್ನದೇ! ಬೇಕಾದ್ರೆ ಬರೆದಿಟ್ಕೊಳ್ಳಿ!"

"ಬರೆಯೋ ಕಾಯಿಲೆ ನಿನಗಿರೋದು. ಕೂತ್ಕೊಂಡು ಸೂಪು ಕುಡಿ, ಆರಿಹೋಗ್ತಿದೆ," ಎಂದಳು ಹೆಂಡತಿ ವೆಸ್ಕಾ.

ಡ್ಯಾನ್ಯೂಬ್ ದಂಡೆಯ ಆ ಸಣ್ಣ ಊರಿನಲ್ಲಿ ರಾಂಗೆಲ್ ಕವಿ ಎಂದು ತಿಳಿದಿದ್ದವರು ಮನೆಯವರನ್ನು ಬಿಟ್ಟರೆ ಪೋಸ್ಟಿನವಳೊಬ್ಬಳೇ. ಹದಿನಾಲ್ಕು ವರ್ಷಗಳಿಂದ ವಾಪಸು ಬರುವ ಲಕೋಟೆಗಳನ್ನು ತಂದುಕೊಡುತ್ತಿದ್ದವಳು ಅವಳೇ. ಒಮ್ಮೆ ಮಾತ್ರ ರಾಜಧಾನಿ ಸೋಫಿಯಾದ ಪ್ರಕಾಶಕನೊಬ್ಬ ಅವನ ಕವಿತೆಯನ್ನು ಸಂಕಲನವೊಂದರಲ್ಲಿ ಅಚ್ಚು ಹಾಕಿಸಿದ್ದ. ಕವಿಯೇ ಮೂವತ್ತು ಪ್ರತಿ ಕೊಳ್ಳಬೇಕೆಂಬ ಷರತ್ತಿನ ಮೇಲೆ. ಆ ಮೂವತ್ತೂ ಅಡುಗೆಮನೆಯ ಅಲುಗಾಡುವ ಕಪಾಟಿಗೆ ಒತ್ತು ಕೊಟ್ಟುಕೊಂಡು ಸಾಹಿತ್ಯಸೇವೆ ಮಾಡುತ್ತಿದ್ದವು.

ಈ ಸಲದ ಸ್ಪರ್ಧೆಯ ವಿಷಯ 'ಅಗಲಿದ ಆತ್ಮೀಯರಿಗೆ'. ಕವಿತೆ ಸ್ವಂತ ದುಃಖದಿಂದ ಹುಟ್ಟಿರಬೇಕು ಎಂಬ ನಿಯಮ ಬೇರೆ.

ತೊಡಕು ಇದ್ದದ್ದೇ ಅಲ್ಲಿ. ಅಪ್ಪ, ಅಮ್ಮ, ಶಾಲೆಯ ಮೇಷ್ಟ್ರು, ನಾಯಿ ಹೀಗೆ ತೀರಿಹೋದವರ ಮೇಲೆಲ್ಲ ಬರೆದಾಗಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಪೋಸ್ಟಿನಲ್ಲಿ ವಾಪಸು ಬಂದಿದ್ದರು. ಈಗ ಹೊಸ ದುಃಖವೊಂದು ಬೇಕಿತ್ತು. ರಾಂಗೆಲ್ ಮೇಜಿನ ಸುತ್ತ ಕಣ್ಣಾಡಿಸಿದ. ಎದುರಿಗೆ ಎಂಬತ್ತೊಂದು ವರ್ಷದ ಅತ್ತೆ ಗಿನ್ಕಾ ಹುರಿದ ಮೆಣಸಿನಕಾಯನ್ನು ಬ್ರೆಡ್ಡಿನಲ್ಲಿ ಸುತ್ತಿ, ಸ್ವಂತ ಹಲ್ಲುಗಳಿಂದ ಕಚ್ಚಿ ತಿನ್ನುತ್ತಿದ್ದಳು.

"ಏನೋ ಹಾಗೆ ನೋಡ್ತೀಯಾ?"

"ಏನಿಲ್ಲ ಅತ್ತೆ. ನಿಧಾನಕ್ಕೆ ತಿನ್ನಿ."

ಮೂರು ದಿನ ಸ್ನಾನದ ಮನೆಯಲ್ಲಿ ಚಿಲಕ ಹಾಕಿಕೊಂಡು ಬರೆದ.

"ಹೋದೆಯಾ ಗಿನ್ಕಾ, ಮೃದುನುಡಿಯ ತಾಯೆ,
ಮೊಳೆಯಲಿ ನಿನ್ನ ತಲೆವಸ್ತ್ರ ದಾರಿ ಕಾಯುತಿದೆ..."

ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವನಿಗೆ ನಿಜವಾಗಿಯೂ ಅಳು ಬಂತು. ಅದೇ ಹೊತ್ತಿಗೆ ಮೃದುನುಡಿಯ ತಾಯಿ ಬಾಗಿಲು ಗುದ್ದಿದಳು: "ಒಳಗೇನು ಮೊಟ್ಟೆ ಇಡ್ತಿದೀಯೇನೋ? ಆಚೆ ಬಾ!"

ಎರಡು ತಿಂಗಳ ಮೇಲೆ ಸಂಪಾದಕ ಕಾಮೆನ್ ಫೋನ್ ಮಾಡಿದ. ಮೊದಲ ಬಹುಮಾನ! ತೀರ್ಪುಗಾರರು ಕಣ್ಣೊರೆಸಿಕೊಂಡರಂತೆ. ಒಂದು ಫೋಟೋ ಬೇಕಂತೆ. ರಾಂಗೆಲ್ ಹೊಸ ವರ್ಷದ ಊಟದ ದಿನ ತೆಗೆಸಿದ, ಅತ್ತೆಯ ಪಕ್ಕ ತಾನು ನಡುವೆ ಗಂಭೀರವಾಗಿ ಕುಳಿತಿದ್ದ ಚಿತ್ರವನ್ನು ಕಳಿಸಿದ. ಅತ್ತೆಗೆ ತಿಳಿದೀತೆಂಬ ಅಂಜಿಕೆ ಅವನಿಗಿರಲಿಲ್ಲ. ಆಕೆ ಪತ್ರಿಕೆಯಲ್ಲಿ ಓದುತ್ತಿದ್ದದ್ದು ಒಂದೇ ಪುಟ, ಮರಣವಾರ್ತೆಯದು.

ಕವಿತೆ ಅಚ್ಚಾದದ್ದು ಅದೇ ಪುಟದಲ್ಲಿ. ಸುತ್ತ ಕಪ್ಪು ಚೌಕಟ್ಟು, ಮೇಲೆ ಅತ್ತೆಯ ದೊಡ್ಡ ಚಿತ್ರ. ರಾಂಗೆಲ್‌ನದು ಅಂಚಿನಲ್ಲಿ ಒಂದು ಮೊಣಕೈ ಮಾತ್ರ ಉಳಿದಿತ್ತು. ಅವನು ಮನೆಯ ಪ್ರತಿಯನ್ನು ಮಡಚಿ ಷರ್ಟಿನೊಳಗೆ ಸೇರಿಸಿಕೊಂಡ. ಊರಿನ ಉಳಿದ ಪ್ರತಿಗಳನ್ನು ಸೇರಿಸಿಕೊಳ್ಳುವಷ್ಟು ದೊಡ್ಡ ಷರ್ಟು ಅವನಲ್ಲಿರಲಿಲ್ಲ.

ಒಂಬತ್ತು ಗಂಟೆಗೆ ಕರೆಗಂಟೆ ಮೊಳಗಿತು. ಬಾಗಿಲು ತೆರೆದವಳು ಗಿನ್ಕಾ. ಹೊರಗೆ ನೆರೆಮನೆಯ ಪೆನ್ಕಾ ಕಪ್ಪು ಬಟ್ಟೆ ತೊಟ್ಟು, ಸಾವಿನ ಮನೆಗೆ ಒಯ್ಯುವಂತೆ ಸರಿಸಂಖ್ಯೆಯಲ್ಲಿ ಎಣಿಸಿ ಆರು ಹೂ ಹಿಡಿದು ನಿಂತಿದ್ದಳು.

"ಯಾರೇ ಹೋದ್ರು?" ಎಂದಳು ಗಿನ್ಕಾ ಗಾಬರಿಯಿಂದ.

"ನೀನೇ ಕಣೇ," ಎಂದು ಪೆನ್ಕಾ ಅಲ್ಲೇ ಕುಸಿದು ಕುಳಿತಳು.

ಹನ್ನೊಂದರ ಹೊತ್ತಿಗೆ ಮನೆ ತುಂಬಿತ್ತು. ಧೂಪದ ಬಟ್ಟಲಿನೊಂದಿಗೆ ಪಾದ್ರಿಗಳೂ ಬಂದಿದ್ದರು. ಸತ್ತವರ ಹೆಸರಿನಲ್ಲಿ ಹಂಚುವ ಬೇಯಿಸಿದ ಗೋಧಿಯನ್ನು ಯಾರೋ ತಂದಿದ್ದರು. ಗಿನ್ಕಾ ಒಂದು ಚಮಚ ರುಚಿ ನೋಡಿ, "ಸಕ್ಕರೆ ಸಾಲದು," ಎಂದಳು. ಆಮೇಲೆ ಅಳಿಯನ ಕಡೆ ತಿರುಗಿದಳು. "ಓದು."

ರಾಂಗೆಲ್ ಷರ್ಟಿನೊಳಗಿಂದ ಬೆವರಿಗೆ ಒದ್ದೆಯಾದ ಪತ್ರಿಕೆ ತೆಗೆದು ಓದಿದ. ಹದಿನಾಲ್ಕು ವರ್ಷಗಳಲ್ಲಿ ಅವನಿಗೆ ಸಿಕ್ಕಿದ ಮೊದಲ ಸಭೆ ಅದು.

"ಮೃದುನುಡಿಯ ತಾಯಿ ಅಂದ್ರೆ ಯಾರು?"

"ನೀವೇ ಅತ್ತೆ."

ಪಾದ್ರಿಗಳಿಗೆ ಕೆಮ್ಮು ಬಂತು. ವೆಸ್ಕಾ ಮಾತ್ರ ನಗಲಿಲ್ಲ. "ನನ್ನಮ್ಮನ್ನ ಸಾಯಿಸಿ ಬಹುಮಾನ ತಗೊಂಡ್ಯಾ? ಇವತ್ತಿಂದ ಸ್ನಾನದ ಮನೇಲೇ ಮಲ್ಕೋ!"

ಅಷ್ಟರಲ್ಲಿ ಫೋನು ಬಂತು. ಕಾಮೆನ್‌ನ ದನಿ ಮಂಜುಗಡ್ಡೆಯಂತಿತ್ತು. "ಮೃತರೇ ಬಾಗಿಲು ತೆಗೆದರಂತೆ, ನಿಜವೇ? ಹಾಗಿದ್ದರೆ ಬಹುಮಾನ ರದ್ದು. ಇನ್ನು ಮುಂದೆ ನಿಮ್ಮ ಲಕೋಟೆ ನಾವು ಒಡೆಯೋದೂ ಇಲ್ಲ."

ರಾಂಗೆಲ್‌ನ ಕೈಯಿಂದ ಗಿನ್ಕಾ ಫೋನು ಕಿತ್ತುಕೊಂಡಳು.

"ಹಲೋ, ನಾನು ಮೃತೆ ಮಾತಾಡ್ತಿರೋದು. ಈ ಮನುಷ್ಯ ಇಪ್ಪತ್ತಾರು ವರ್ಷ ನನ್ನ ಕೈಯಡುಗೆ ತಿಂದ. ನನ್ನ ಬಗ್ಗೆ ಒಂದು ಒಳ್ಳೆ ಮಾತು ಆಡಿದ್ದು ಇದೇ ಮೊದಲು. ಅದನ್ನೂ ನೀವು ವಾಪಸು ತಗೊಂಡ್ರೆ ನಾನು ಇನ್ಯಾವಾಗ ಕೇಳ್ಲಿ? ನಿಜವಾಗಿ ಸತ್ತ ಮೇಲಾ?"

ರಾಂಗೆಲ್ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದ. ಅವನ ಕವಿತೆಗಳಲ್ಲಿ ಎಲ್ಲೂ ಇಂಥ ಸಾಲೊಂದು ಇರಲಿಲ್ಲ.

ಬಹುಮಾನ ಉಳಿಯಿತು. ಶನಿವಾರ ಗ್ರಂಥಾಲಯದ ಸಭಾಂಗಣದಲ್ಲಿ ಸಮಾರಂಭ. ವೇದಿಕೆ ಏರಿದ ರಾಂಗೆಲ್‌ಗೆ ಓದಲು ಸಿಕ್ಕಿದ್ದು ಒಂದೇ ಸಾಲು. ಗಿನ್ಕಾ ಕಾಗದ ಕಸಿದುಕೊಂಡು ತನ್ನ ಚರಮಗೀತೆಯನ್ನು ತಾನೇ ಓದಿದಳು, ಕಿಟಕಿಯ ಗಾಜು ನಡುಗುವಷ್ಟು ಮೃದುವಾಗಿ. ಚಪ್ಪಾಳೆಯೋ ಚಪ್ಪಾಳೆ! ಜನ ಆಕೆಯನ್ನು ಮುತ್ತಿಕೊಂಡರು.

ಕವಿಯ ಬಳಿಗೆ ಬಂದದ್ದು ಒಬ್ಬನೇ: ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತನಾದ ವಿಧುರ ನಾಚೋ. ಸಹಿ ಕೇಳುತ್ತಾನೆಂದು ರಾಂಗೆಲ್ ಪೆನ್ನು ತೆಗೆದ.

"ಪೆನ್ನು ಬೇಡಪ್ಪ. ಕವಿತೇಲಿ ಇರೋದೆಲ್ಲ ನಿಜ ತಾನೇ? ಮೃದು ಮಾತು, ಶಾಂತ ಸ್ವಭಾವ? ನನಗೂ ಒಂಟಿತನ ಸಾಕಾಗಿದೆ."

ಗಿನ್ಕಾ ಅತ್ತೆಯಿಲ್ಲದ ಊಟದ ಮೇಜು ರಾಂಗೆಲ್‌ನ ಕಣ್ಣ ಮುಂದೆ ಹಾದುಹೋಯಿತು. ಎದೆಯ ಮೇಲೆ ಕೈಯಿಟ್ಟು ಹೇಳಿದ: "ಒಂದಕ್ಷರವೂ ಸುಳ್ಳಲ್ಲ!"

ಗಿನ್ಕಾ ವಾರವಿಡೀ ಯೋಚಿಸಿ ಮದುವೆಗೆ ಒಪ್ಪಿದಳು. ಒಂದೇ ಷರತ್ತು: ಮಗಳ ಮನೆ ಬಿಟ್ಟು ತಾನು ಕದಲುವುದಿಲ್ಲ, ಬೇಕಾದರೆ ಆತನೇ ಬರಲಿ.

ಭಾನುವಾರ ನಾಚೋ ಬಂದ. ರಾಂಗೆಲ್ ಹೊಸ ಮಾವನ ಪೆಟ್ಟಿಗೆಯನ್ನು ಮೂರನೆಯ ಮಹಡಿಗೆ ಹೊತ್ತು ತಂದು, ನೆಲಕ್ಕಿಳಿಸಿ, ಸೊಂಟ ಹಿಡಿದುಕೊಂಡು ಕೇಳಿದ: "ಅಬ್ಬಾ, ಏನು ಮಾವ ಇಷ್ಟು ಭಾರ? ಬಟ್ಟೆಯಾ?"

"ಬಟ್ಟೆ ಆಮೇಲೆ ಬರುತ್ತೆ," ಎಂದ ನಾಚೋ ಕನ್ನಡಕ ಏರಿಸಿಕೊಳ್ಳುತ್ತ. "ಇದು ನನ್ನ ಕವಿತೆಗಳು. ಕೂತ್ಕೋ, ಮೊದಲನೇದರಿಂದ ಶುರು ಮಾಡೋಣ."