ನಮ್ಮ ವಾಚನಾಲಯದ ಬಿಟ್ಟಿ ಕಛೇರಿಗಳು

ನಮ್ಮ ಚನ್ನಗಿರಿಯ ವಾಚನಾಲಯದಲ್ಲಿ ಯಾವ ಕೆಲಸವೂ ಅಂದುಕೊಂಡ ಹಾಗೆ ನಡೆಯುವುದಿಲ್ಲ. ಹಾಗೆಂದು ತಪ್ಪು ಯಾರದೆಂದು ಹುಡುಕಹೊರಟರೆ ಎಲ್ಲರೂ ನಿಯಮದಂತೆಯೇ ನಡೆದುಕೊಂಡಿರುತ್ತಾರೆ. ಅದು ಹೇಗೆಂದು ನನಗೆ ಇನ್ನೂ ತಿಳಿದಿಲ್ಲ.

ನಾನು ಸೋದರಮಾವನ ಮನೆಯಲ್ಲಿದ್ದುಕೊಂಡು ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಊರಿಗೆ ಬಂದ ಮೇಲೆ ನನ್ನ ಇಂಗ್ಲಿಷು ಯಾರಿಗೂ ಬೇಕಾಗಲಿಲ್ಲ. ಕನ್ನಡವೋ, ನಾನು ಬಾಯಿ ತೆರೆಯುವಷ್ಟರಲ್ಲಿ ಎದುರಿನವರು ಬೇರೆ ಮಾತಿಗೆ ಹೋಗಿರುತ್ತಿದ್ದರು. ಅಪ್ಪ ಮಿಡ್ಲ್ ಸ್ಕೂಲಿನ ಹೆಡ್ ಮೇಷ್ಟ್ರು, ವಾಚನಾಲಯಕ್ಕೂ ಕಾರ್ಯದರ್ಶಿ. ಮಾತಾಡದೆ ಮಾಡುವ ಕೆಲಸ ಇದೊಂದೇ ಎಂದು ನನ್ನನ್ನು ಅಲ್ಲಿ ಕೂರಿಸಿದರು.

ನನಗೊಂದು ಆಸೆ ಇತ್ತು. ಶನಿವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ವಾಚನಾಲಯ ಹೆಂಗಸರಿಗೇ ಮೀಸಲಾಗಬೇಕು. ಅಪ್ಪ ಪುರಸಭೆಯ ಅಧ್ಯಕ್ಷರನ್ನು ಕೇಳಿದರು. ಅವರು, "ಮೇಷ್ಟ್ರೇ, ನಿಮ್ಮ ಮಗಳನ್ನ ಬಿಟ್ರೆ ಒಂದು ಹೆಣ್ಣುಮಗಳೂ ಈ ಮೆಟ್ಲು ಹತ್ತಿಲ್ಲ. ಯುಗಾದಿ ಒಳಗೆ ಹಾಜರಿ ಪುಸ್ತಕದಾಗೆ ಇಪ್ಪತ್ತು ಹೆಂಗಸರ ರುಜು ತೋರಿಸ್ರಿ, ಕೊಡಾನ. ಇಲ್ಲಾಂದ್ರೆ ಈ ಮಾತು ಮತ್ತೆ ಎತ್ತಬ್ಯಾಡ್ರಿ" ಎಂದರು.

ಯಾವುದೋ ದೇಶದ ಪುಸ್ತಕ ಭಂಡಾರದಲ್ಲಿ ಬಿಟ್ಟಿ ಸಂಗೀತ ಕಛೇರಿ ನಡೆಸಿ ಜನ ಸೇರಿಸುತ್ತಾರೆಂದು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದೆ. ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಹೇಳಬಾರದಿತ್ತು.

೧. ಶ್!

ಮೊದಲ ಕಛೇರಿಗೆ ಹೊನ್ನಾಳಿಯಿಂದ ಒಬ್ಬ ಹಿರಿಯ ಗಾಯಕರು ಬಂದರು. ತಬಲಾಕ್ಕೆ ನಮ್ಮೂರ ದರ್ಜಿ ಸಾಹೇಬರು. ಹಗಲೆಲ್ಲ ಹೊಲಿಗೆ ಮಿಷನ್ ತುಳಿದು ಅವರ ಕಾಲಿಗೂ ತಾಳ ಹತ್ತಿದೆ.

ನಮ್ಮ ಜವಾನನ ವಿಷಯ ಹೇಳಬೇಕು. ಆತನಿಗೆ ಓದು ಬರಹ ಬಾರದು. ವಾಚನಾಲಯ ಶುರುವಾದಾಗಿನಿಂದ ಆತನ ಕೆಲಸ ಒಂದೇ, ಯಾರಾದರೂ ಬಾಯಿ ಬಿಟ್ಟರೆ 'ಶ್' ಎನ್ನುವುದು. ಗೋಡೆಯ ಮೇಲಿನ 'ಮೌನವಾಗಿರಿ' ಎಂಬ ಹಲಗೆಯನ್ನು ದಿನಾ ಒರೆಸಿ ಕೈಮುಗಿಯುತ್ತಾನೆ.

ಗಾಯಕರು ಕಣ್ಣುಮುಚ್ಚಿ ಆಲಾಪನೆ ಎತ್ತಿದರು. ಸ್ವರ ಮೇಲಕ್ಕೆ ಹೋಗುತ್ತಿದ್ದಂತೆ ಬಾಗಿಲಿನಿಂದ 'ಶ್!' ಬಂತು.

ಗಾಯಕರು ಕಣ್ಣು ತೆರೆದರು. ಜವಾನ ವಿನಯದಿಂದಲೇ, "ಮೆಲ್ಲಕ್ರೀ ಯಜಮಾನ್ರೇ, ಓದೋರಿಗೆ ತೊಂದ್ರೆ ಆಗ್ತೈತೆ" ಎಂದ.

ಓದುವವರು ಯಾರೂ ಇರಲಿಲ್ಲ. ಅದನ್ನು ಎದ್ದು ಹೇಳಬೇಕಾದವಳು ನಾನು, ಹಾಜರಿ ಪುಸ್ತಕ ತಿರುವುತ್ತ ಕೂತಿದ್ದೆ. ಗಾಯಕರು ಸ್ವರ ಇಳಿಸಿದರು. ಮತ್ತೆ 'ಶ್'. ಮತ್ತೂ ಇಳಿಸಿದರು. ದರ್ಜಿ ಸಾಹೇಬರು ತಬಲಾದ ಮೇಲೆ ಅಂಗವಸ್ತ್ರ ಹಾಸಿಕೊಂಡು ಬಾರಿಸತೊಡಗಿದರು. ಕೊನೆಕೊನೆಗೆ ಗಾಯಕರ ತುಟಿ, ಕೈ ಆಡುತ್ತಿದ್ದವು, ಏನೂ ಕೇಳಿಸುತ್ತಿರಲಿಲ್ಲ. ಜನ ಮುಂದಕ್ಕೆ ಬಗ್ಗಿ ಬಗ್ಗಿ ಕೇಳಿದರು. 'ಶಹಭಾಸ್' ಎನ್ನಲು ಒಬ್ಬರಿಗೂ ಧೈರ್ಯ ಬರಲಿಲ್ಲ.

ಮೆಟ್ಟಿಲಿಳಿಯುವಾಗ ಅಡಿಕೆ ಮಂಡಿಯ ಸಾಹುಕಾರರು ಪಕ್ಕದವರಿಗೆ ಹೇಳುತ್ತಿದ್ದರು: "ಬಾಯಾಗೆ ಹಾಡೋರು ಎಲ್ಲಾ ಊರಾಗೂ ಅದಾರೆ ಬಿಡ್ರಿ. ಇವ್ರು ಒಳಗೊಳಗೇ ಹಾಡ್ತಾರೆ. ಅದು ದೊಡ್ಡ ವಿದ್ಯೆ!"

ಹೆಂಗಸರ ರುಜು: ಸೊನ್ನೆ.

೨. ನಾನೂರ ಹನ್ನೆರಡನೆಯ ನಂಬರು

ಕೆರೆಬಿಳಚಿಯ ತೋಟದವರೊಬ್ಬರು ನಮಗೆ ಒಂದು ಹಾರ್ಮೋನಿಯಂ ದಾನ ಕೊಟ್ಟರು. ವಾಚನಾಲಯಕ್ಕೆ ಬಂದ ಎಲ್ಲವನ್ನೂ ದಾಸ್ತಾನು ಪುಸ್ತಕದಲ್ಲಿ ಬರೆಯಬೇಕೆಂದು ನಿಯಮ. ನಾನೂರ ಹನ್ನೊಂದನೆಯದು ಒಂದು ನಿಘಂಟು. ಅದರ ಕೆಳಗೆ ಹಾರ್ಮೋನಿಯಂ ಬರೆದೆ. ಪೆಟ್ಟಿಗೆಯ ಹಿಂದೆ ನಂಬರಿನ ಚೀಟಿಯನ್ನೂ ಅಂಟಿಸಿದೆ. ಇಂಗ್ಲಿಷ್ ಶಾಲೆಯಲ್ಲಿ ನನಗೆ ಚೆನ್ನಾಗಿ ಕಲಿಸಿದ್ದು ಅಚ್ಚುಕಟ್ಟುತನವೊಂದೇ.

ಎರಡನೆಯ ಕಛೇರಿಯ ಸಂಜೆ ಗಾಯಕರು ಬಂದರು, ಜನ ಬಂದರು, ಹಾರ್ಮೋನಿಯಂ ಇರಲಿಲ್ಲ.

"ಎಲ್ಲಿ ಹೋಯಿತು?" ಎಂದು ಅಪ್ಪ ಜವಾನನನ್ನು ಕೇಳಿದರು.

"ನ್ಯಾಮತಿಗೆ ಹೋಗೈತ್ರೀ. ಅಲ್ಲಿನ ಕಿರಾಣಿ ಅಂಗಡಿಯೋರು ನಮ್ಮ ಮೆಂಬರು. ಬಂದ್ರು, ಟಿಕೇಟು ತೋರಿಸಿದ್ರು, ನಂಬರು ಹೇಳಿದ್ರು. ನಂಬರು ಇದ್ದದ್ದನ್ನ ಕೊಡಲ್ಲ ಅನ್ನಾಕೆ ನಾನ್ಯಾರು?"

ಅಪ್ಪ ನಿಯಮಾವಳಿ ತೆಗೆದು ನೋಡಿದರು. 'ನಂಬರು ಇರುವ ಯಾವುದನ್ನೂ ಸದಸ್ಯರು ಹದಿನೈದು ದಿನ ಮನೆಗೆ ಒಯ್ಯಬಹುದು' ಎಂದೇ ಇತ್ತು. ಬರೆದವರು ಅವರೇ.

ಅಂದು ತಂಬೂರಿಯೊಂದರಲ್ಲೇ ಹಾಡಿಸಿದೆವು. ಹದಿನೈದನೆಯ ದಿನ ಅಂಗಡಿಯವರಿಂದ ಕಾಗದ ಬಂತು: 'ಇನ್ನೂ ಪೂರ್ತಿ ಆಗಿಲ್ಲ, ದಯಮಾಡಿ ಮುಂದುವರಿಸುವುದು.' ಅದಕ್ಕೂ ನಮ್ಮಲ್ಲಿ 'ಇನ್ನೂ ಹದಿನೈದು ದಿನ' ಎಂಬ ರಬ್ಬರು ಮುದ್ರೆ ಇದೆ. ಎಷ್ಟು ಸಲ ಒತ್ತಬಹುದೆಂದು ನಿಯಮದಲ್ಲಿ ಇಲ್ಲ. ಒತ್ತಿ ಕಳಿಸಿದೆ.

ತಿಂಗಳ ಮೇಲೆ ಅವರೇ ಹಾರ್ಮೋನಿಯಂ ಹೊತ್ತು ತಂದು ನನ್ನ ಮುಂದಿಟ್ಟರು. ಒಂದು ಚೂರೂ ಮುಕ್ಕಾಗಿರಲಿಲ್ಲ. "ಬಾಳ ಚೆನ್ನಾಗೈತಮ್ಮ" ಎಂದು ಹಣೆ ಒರೆಸಿಕೊಂಡು ಕೇಳಿದರು, "ಇದರ ಎರಡನೇ ಭಾಗ ಬಂದೈತೇನು?"

೩. ವಿದ್ವಾಂಸರ ದಾರಿ ಕಾದದ್ದು

ಯುದ್ಧ ಬಂದ ಮೇಲೆ ನಮ್ಮ ಕಡೆಯ ಬಸ್ಸುಗಳು ಪೆಟ್ರೋಲು ಬಿಟ್ಟು ಇದ್ದಲಿನ ಹೊಗೆಯಲ್ಲಿ ಓಡುತ್ತಿವೆ. ಬಿಳಿ ಪಂಚೆಯಲ್ಲಿ ಹತ್ತಿದವರು ಕರಿ ಪಂಚೆಯಲ್ಲಿ ಇಳಿಯುತ್ತಾರೆ. ಜಗಳೂರಿನ ಪಿಟೀಲು ವಿದ್ವಾಂಸರು ಅಂಥದೊಂದು ಬಸ್ಸಿನಲ್ಲಿ ಬಂದರು. ಅವರನ್ನು ಮೊದಲು ನಾವು ಯಾರೂ ನೋಡಿರಲಿಲ್ಲ.

ಜವಾನ ಬಾಗಿಲಲ್ಲಿ ಅವರನ್ನು ತಡೆದು ರುಜು ಹಾಕಿಸಿದ. ಗಂಟುಮೂಟೆ ಒಳಗೆ ಒಯ್ಯಬಾರದೆಂದು ನಿಯಮ. ಪಿಟೀಲಿನ ಪೆಟ್ಟಿಗೆಯನ್ನು ಇಸಿದುಕೊಂಡು ಕೊಡೆಗಳ ಜೊತೆ ಇಟ್ಟ. ಕೈಗೊಂದು ದಿನಪತ್ರಿಕೆ ಕೊಟ್ಟು ಬೆಂಚು ತೋರಿಸಿದ.

ಅವರು ಒಂದು ಗಂಟೆ ಹೊತ್ತು ಪತ್ರಿಕೆ ಓದಿದರು. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ, "ಯಾವಾಗ ಶುರು ಮಾಡೋದಮ್ಮಾ?" ಎಂದರು.

"ವಿದ್ವಾಂಸರು ಬಂದ ಕೂಡಲೆ" ಎಂದೆ.

ಅವರು ತಲೆಯಾಡಿಸಿ ಮತ್ತೆ ಪತ್ರಿಕೆ ತೆರೆದರು. ಅಪ್ಪ ಬಸ್ ಸ್ಟ್ಯಾಂಡಿಗೆ ಎರಡು ಸಲ ಹೋಗಿಬಂದರು. ಜನ ಆಕಳಿಸತೊಡಗಿದರು. ಕೊನೆಗೆ ಅವರೇ ಎದ್ದು ನಿಂತು ಸಂಕೋಚದಿಂದ, "ವಿದ್ವಾಂಸರು ಬರೋ ತನಕ ನಾನು ಸ್ವಲ್ಪ ಬಾರಿಸಲೇನ್ರೀ? ನನಗೂ ಒಂಚೂರು ಬರ್ತೈತೆ" ಎಂದರು.

ಕೊಡೆಗಳ ನಡುವಿನಿಂದ ಪೆಟ್ಟಿಗೆ ಬಂತು. ಅಂಥ ಪಿಟೀಲನ್ನು ನಾನು ಬೆಂಗಳೂರಿನಲ್ಲೂ ಕೇಳಿರಲಿಲ್ಲ. ಜವಾನ ಕೂಡ 'ಶ್' ಎನ್ನುವುದನ್ನು ಮರೆತ. ಮುಗಿದ ಮೇಲೆ ಜನ ಕೈತಟ್ಟಿ, "ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಇನ್ನು ಆ ವಿದ್ವಾಂಸರು ಬಂದರೂ ಸರಿ, ಬರದಿದ್ದರೂ ಸರಿ" ಎಂದು ಹೊರಟರು.

ಹಾಜರಿ ಪುಸ್ತಕದಲ್ಲಿ ಅವರ ಹೆಸರು ಕಂಡಾಗ ನಾನು ಬಾಗಿಲಿಗೆ ಓಡಿದೆ. ಅವರು ಪೆಟ್ಟಿಗೆ ಹಿಡಿದುಕೊಂಡು ಮೆಟ್ಟಿಲಿಳಿಯುತ್ತಿದ್ದರು. "ಅವರು ಬರದೆ ಇದ್ದದ್ದು ನನ್ನ ಪುಣ್ಯ ಕಣಮ್ಮ" ಎಂದರು. "ಅಂಥೋರ ಮುಂದೆ ನಾನು ಬಾರಿಸಾಕೆ ಆಗ್ತಿತ್ತೇನು?"

೪. ಮುಯ್ಯಿ

ಮೂರು ಕಛೇರಿ ಮುಗಿದರೂ ಹೆಂಗಸರ ರುಜು ಸೊನ್ನೆಯೇ. ಯುಗಾದಿಗೆ ಹತ್ತು ದಿನ ಉಳಿದಿತ್ತು.

"ಗೋಡೆಗೆ ಕಾಗದ ಅಂಟಿಸಿದ್ರೆ ಹೆಣ್ಣುಮಕ್ಕಳು ಬರ್ತಾರೇನ್ರೀ?" ಎಂದಳು ಜವಾನನ ಹೆಂಡತಿ. "ಮನೆಮನೆಗೆ ಹೋಗಿ ಕುಂಕುಮ ಇಟ್ಟು ಕರೀಬೇಕು."

ಮರುದಿನ ರೇಷ್ಮೆ ಸೀರೆ ಉಟ್ಟು, ಕುಂಕುಮದ ಭರಣಿ ಹಿಡಿದು, ಆಕೆಯ ಹಿಂದೆ ಹೊರಟೆ. ಮುಸಲ್ಮಾನರ ಓಣಿಗೆ ದರ್ಜಿ ಸಾಹೇಬರ ಮನೆಯವರು ಸಕ್ಕರೆ ಹಿಡಿದುಕೊಂಡು ಹೋದರು. ನಾನು ಪ್ರತಿ ಮನೆಯಲ್ಲೂ ನೆಲ ನೋಡಿಕೊಂಡು ಬಾಯಿಪಾಠ ಒಪ್ಪಿಸಿದೆ: "ಶನಿವಾರ ಸಂಜೆ ವಾಚನಾಲಯದಲ್ಲಿ ಸಂಗೀತ ಇದೆ. ತಾವೆಲ್ಲ ದಯಮಾಡಿಸಬೇಕು."

ಸಾಹುಕಾರರ ತಾಯಿ, ಊರಿಗೆಲ್ಲ ಅಜ್ಜಿ, ನನ್ನ ಗಲ್ಲ ಹಿಡಿದು ಎತ್ತಿ ಕೇಳಿದರು, "ಎಲ್ಲಿಯೋರು ತಂಗೀ?"

ಗಾಯಕರ ವಿಷಯ ಕೇಳುತ್ತಿದ್ದಾರೆಂದು, "ಹೊನ್ನಾಳಿಯವರು" ಎಂದೆ. ಮೊದಲ ಸಲ ಬಂದಿದ್ದ ಹಿರಿಯರು ಈ ಸಲ 'ನಾನು ಒಲ್ಲೆ' ಎಂದು ತಮ್ಮ ಶಿಷ್ಯನನ್ನು ಒಪ್ಪಿಸಿದ್ದರು.

"ಏನು ಮಾಡ್ತಾನೆ?"

"ಹಾಡುತ್ತಾರೆ."

"ಅಷ್ಟೇನಾ?" ಎಂದು ಅಜ್ಜಿ ನಿಟ್ಟುಸಿರುಬಿಟ್ಟು, ನನ್ನ ತಲೆ ನೇವರಿಸಿ ಕಳಿಸಿದರು. ಯಾಕೆಂದು ನನಗೆ ತಿಳಿಯಲಿಲ್ಲ.

ಶನಿವಾರ ಜವಾನ ಬಾಗಿಲಿಗೆ ಮಾವಿನ ತೋರಣ ಕಟ್ಟಿದ. ಐದು ಗಂಟೆಗೆ ಸೂಳೆಕೆರೆಯ ತೂಬು ಎತ್ತಿದ ಹಾಗೆ ಹೆಂಗಸರು ಬಂದರು. ನಾನು ಬಾಗಿಲಲ್ಲಿ ಹಾಜರಿ ಪುಸ್ತಕ ತೆರೆದು ಕೂತಿದ್ದೆ. ಅಜ್ಜಿ ಮೊದಲು ಬಂದು ನನ್ನ ಮುಂದೆ ಒಂದು ಕುಪ್ಪಸದ ಕಣ, ತೆಂಗಿನಕಾಯಿ ಇಟ್ಟು, "ಬರ್ಕೋ, ಸಾಹುಕಾರ್ರ ಮನೆಯಿಂದ" ಎಂದು ಹೆಬ್ಬೆಟ್ಟು ಒತ್ತಿದರು. ಹಿಂದಿನಾಕೆ ಹಿತ್ತಾಳೆ ಚೊಂಬು ಇಟ್ಟರು. ದರ್ಜಿ ಸಾಹೇಬರ ಮನೆಯವರು ಹೊಲಿದ ಕುಪ್ಪಸವನ್ನೇ ತಂದಿದ್ದರು. ಹೆಂಗಸರು ವಾಚನಾಲಯಕ್ಕೆ ಬರುವ ಪದ್ಧತಿ ಹೀಗೇ ಇರಬಹುದೆಂದುಕೊಂಡು ನಾನು ಎಲ್ಲವನ್ನೂ ಬರೆದುಕೊಂಡೆ. ಇಪ್ಪತ್ತು ದಾಟಿತು, ಮೂವತ್ತೊಂದಕ್ಕೆ ನಿಂತಿತು.

ಒಳಗಿನಿಂದ ಒಬ್ಬಾಕೆ ಅನ್ನುವುದು ಕೇಳಿಸಿತು: "ಅಲ್ಲೇ, ಮದುಮಗಳೇ ಬಾಗಿಲಾಗೆ ಕುಂತು ಮುಯ್ಯಿ ಬರ್ಕೊಳ್ಳಾಕ್ ಹತ್ತ್ಯಾಳಲ್ಲೇ!"

ಇನ್ನೊಬ್ಬಾಕೆ ಸಮಾಧಾನ ಹೇಳಿದಳು: "ಇಂಗ್ಲಿಷು ಓದಿದೋರ ಮದುವಿ ಹಿಂಗೇ ಇರ್ತೈತಂತೆ, ಸುಮ್ಕಿರು."

ನನ್ನ ಕೈಯಿಂದ ಲೇಖನಿ ಬಿತ್ತು. ಮನೆಮನೆಗೆ ಕುಂಕುಮ, ರೇಷ್ಮೆ ಸೀರೆ, ತೋರಣ, ಬಾಗಿಲಲ್ಲಿ ಉಡುಗೊರೆ ಬರೆದುಕೊಳ್ಳುವ ಪುಸ್ತಕ. ಅದರ ಮೇಲೆ ಬಿಟ್ಟಿ ಸಂಗೀತ. ನಮ್ಮ ಊರಿನಲ್ಲಿ ಮದುವೆ ಇಲ್ಲದೆ ಯಾರು ಬಿಟ್ಟಿ ಹಾಡಿಸುತ್ತಾರೆ? ಎದ್ದು ಹೇಳಿಬಿಡೋಣವೆಂದರೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಹೊನ್ನಾಳಿಯ ಶಿಷ್ಯ ಮೊದಲ ಕೀರ್ತನೆ ಮುಗಿಸಿದ. ಮೂವತ್ತೊಂದು ಕೈಗಳಿಂದ ಅವನ ತಲೆಯ ಮೇಲೆ ಮನೆಯಿಂದ ತಂದ ಅಕ್ಷತೆ ಬಿತ್ತು. ಇದು ಚನ್ನಗಿರಿಯ ಮರ್ಯಾದೆ ಇರಬೇಕೆಂದು ಅವನು ಕೈಮುಗಿದ.

"ಪಾಪ, ವಾಲಗದೋರನ್ನ ಕರೆಸಾಕೂ ಇಲ್ಲೇನೋ," ಅಜ್ಜಿ ಹೇಳಿದರು, "ಗಂಡೇ ಹಾಡ್ಕೊಳ್ಳಾಕ್ ಹತ್ತೈತೆ."

ಕೊನೆಗೆ ಅಪ್ಪ ವಂದನೆ ಹೇಳಲು ಎದ್ದವರು ಇದು ಮದುವೆಯಲ್ಲವೆಂದು ಬಿಡಿಸಿ ಹೇಳಿದರು. ಶಿಷ್ಯ ತಲೆಯ ಅಕ್ಕಿ ಕೊಡವಿಕೊಂಡು ತಂಬೂರಿಯ ಹಿಂದೆ ಸರಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪ ಎಲ್ಲವನ್ನೂ ಹಿಂದಕ್ಕೆ ಕೊಡಲು ಹೋದರೆ ಅಜ್ಜಿ ಒಪ್ಪಲಿಲ್ಲ. "ಕೊಟ್ಟ ಮುಯ್ಯಿ ಹಿಂದಕ್ಕೆ ತಗೊಂಡ್ರೆ ಯಾರಿಗೂ ಒಳ್ಳೇದಲ್ಲ, ಮೇಷ್ಟ್ರೇ."

ಬರಿಗೈಯಲ್ಲಿ ಕಳಿಸುವುದು ಹೇಗೆ? ಅಪ್ಪ ಪೇಚಾಡುತ್ತಿದ್ದರು. ಆಗ ಒಂದು ದನಿ, "ಪುಸ್ತಕ ಕೊಡೋಣ" ಎಂದಿತು. ಅದು ನನ್ನದೇ ದನಿಯೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮೂವತ್ತೊಂದು ಮಂದಿಗೂ ವೀಳ್ಯದೆಲೆಯ ಜೊತೆ ವಾಚನಾಲಯದ ಒಂದೊಂದು ಪುಸ್ತಕವನ್ನು ಹದಿನೈದು ದಿನಕ್ಕೆಂದು ಬರೆದು ಕೊಟ್ಟೆವು. ಓದಲು ಬಾರದವರು, "ಮನೆಯಾಗೆ ಯಾರಾರ ಓದಿ ಹೇಳ್ತಾರೆ" ಎಂದು ಸೆರಗಿನಲ್ಲಿ ಕಟ್ಟಿಕೊಂಡರು.

ಅಧ್ಯಕ್ಷರು ಹಾಜರಿ ಪುಸ್ತಕವನ್ನು ಎರಡು ಸಲ ತಿರುವಿ ನೋಡಿ, "ರುಜು ಅವೆ, ಇಲ್ಲ ಅನ್ನಂಗಿಲ್ಲ" ಎಂದು ಶನಿವಾರದ ಎರಡು ಗಂಟೆಯನ್ನು ಮಂಜೂರು ಮಾಡಿದರು.

ಹದಿನೈದು ದಿನ ಕಳೆಯಿತು. ಒಂದು ಪುಸ್ತಕವೂ ವಾಪಸು ಬರಲಿಲ್ಲ. ಅಜ್ಜಿಯ ಮನೆಗೆ ಹೋದೆ. ಪುಸ್ತಕ ದೇವರ ಗೂಡಿನಲ್ಲಿತ್ತು. ಮೊಮ್ಮಗಳು ಅರ್ಧದವರೆಗೆ ಓದಿ ಹೇಳಿದ್ದಳಂತೆ.

"ಹಂಗೆ ಸುಮ್ನೆ ತಂದು ಕೊಟ್ರೆ ನಂಟು ಕಡ್ಕೊಂಡಂಗೆ ಆಗ್ತೈತೆ ತಂಗೀ" ಎಂದರು ಅಜ್ಜಿ. "ಮುಯ್ಯಿ ಅಂದ್ಮೇಲೆ ಮನೆಯಾಗೆ ಕಾರ್ಯ ಆದಾಗ್ಲೇ ಹೊರಳಿಸಾದು. ನಿನ್ನ ಮದುವಿ ಆಗ್ಲಿ, ನಾನೇ ಹಿಡ್ಕೊಂಡು ಬರ್ತೀನಿ."

ಉಳಿದ ಮೂವತ್ತು ಮನೆಗಳಲ್ಲೂ ಇದೇ ಮಾತು. ಹೀಗಾಗಿ ಈಗ ಶನಿವಾರ ಶನಿವಾರ ಹೆಂಗಸರು ತಪ್ಪದೆ ಬರುತ್ತಾರೆ. ಪುಸ್ತಕಗಳು ಅವರವರ ಮನೆಯಲ್ಲಿರುತ್ತವೆ. ತಮ್ಮ ತಮ್ಮ ಪುಸ್ತಕದಲ್ಲಿ ಏನಾಯಿತೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಜವಾನ ಮೊದಲ ವಾರ 'ಶ್' ಎಂದು ನೋಡಿದ. ಅಜ್ಜಿಯೇ ತಿರುಗಿ 'ಶ್' ಎಂದರು. ಅಂದಿನಿಂದ ಆತ ಆ ಎರಡು ಗಂಟೆ ಹೊರಗೆ ಕೂರುತ್ತಾನೆ.

ಮೊನ್ನೆ ದಾಸ್ತಾನು ತಪಾಸಣೆ ಆಯಿತು. ಪುಸ್ತಕಗಳು ವಾಪಸು ಬಾರದ ಕಾರಣವನ್ನು ಅಪ್ಪ ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟರು. ಅಧ್ಯಕ್ಷರಿಂದ ಅಪ್ಪನಿಗೆ ಕಾಗದ ಬಂದಿದೆ: 'ಮೂವತ್ತೊಂದು ಪುಸ್ತಕಗಳು ಕಡಮೆ ಕಂಡುಬಂದಿರುತ್ತವೆ. ಸದರಿ ಪುಸ್ತಕಗಳು ವಾಪಸಾಗುವ ಸಲುವಾಗಿ ತಮ್ಮ ಪುತ್ರಿಯ ವಿವಾಹವನ್ನು ಕೂಡಲೆ ನೆರವೇರಿಸಿ ವರದಿ ಮಾಡತಕ್ಕದ್ದು.'

ಅಪ್ಪ ಓದಿ, ಮಡಿಚಿ ನನ್ನ ಮೇಜಿನ ಮೇಲಿಟ್ಟರು. ನಾನು ರಬ್ಬರು ಮುದ್ರೆ ತೆಗೆದು, ಕಾಗದದ ಹಿಂದೆ 'ಇನ್ನೂ ಹದಿನೈದು ದಿನ' ಎಂದು ಒತ್ತಿ ವಾಪಸು ಕಳಿಸಿದೆ.

ಎಷ್ಟು ಸಲ ಒತ್ತಬಹುದೆಂದು ನಿಯಮದಲ್ಲಿ ಇಲ್ಲವಲ್ಲ.