ನೆಲಗಪ್ಪೆಗೆ ಮಾಮನ ಹೆಸರು

ಆಣೆ ಇಡದೆ ಹೇಳುತ್ತಿರುವ ಕತೆ ಇದು, ಆದ್ದರಿಂದ ನಂಬಬಹುದು. ಎಲ್ಲದಕ್ಕೂ ಕಾರಣ ಒಂದು ಖಾಲಿ ಗೆರೆ.

ಪ್ರಾಣಿ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳಿಗೆ ಮೂವತ್ತೊಂದು ವರ್ಷ ಚೀಟಿ ಬರೆದವನು ಲೇಬಲ್ ಮಾಮ. ಹುಲಿಯಿಂದ ಹೇನಿನವರೆಗೆ ಎಲ್ಲರ ಹೆಸರೂ ಅವನ ಮುತ್ತಿನಂಥ ಅಕ್ಷರದಲ್ಲೇ. ಅವನ ಹೆಸರು ಮಾತ್ರ ಹಾಜರಿ ಪುಸ್ತಕದ ಆಚೆ ಎಲ್ಲೂ ಇರಲಿಲ್ಲ. ನಿವೃತ್ತಿಯ ದಿನ ಉಳಿದದ್ದು ಒಂದೇ ಚೀಟಿ: ಈ ನೆಲದಲ್ಲಲ್ಲದೆ ಬೇರೆಲ್ಲೂ ಕಾಣದ ಒಂದು ನೆಲಗಪ್ಪೆಯದು. ಆ ಹೊಸ ಪೆಟ್ಟಿಗೆಯ ಪರದೆಯನ್ನು ನಿರ್ದೇಶಕರು ಅಂದೇ ಸರಿಸುವುದಿತ್ತು. ಪಂಡಿತರು ನಾಲಿಗೆ ಹೊರಳದ ಹೆಸರು ಕೊಟ್ಟಿದ್ದರು. ಜನ ಕರೆಯುವ ಹೆಸರಿರಲಿಲ್ಲ. ಮಾಮ ಕೆಳಗಿನ ವಿವರಣೆ ನಕಲು ಮಾಡಿ, ಮೇಲಿನ ಗೆರೆ ಖಾಲಿ ಬಿಟ್ಟು ಕೂತಿದ್ದ.

ಫೋನ್ ಬಡಿದುಕೊಂಡಿತು. ನಿರ್ದೇಶಕರದೇ ಕೆಮ್ಮು, ಅವರದೇ ಮೂಗಿನ ದನಿ. "ಆ ಕಪ್ಪೆಗೆ ನಿಮ್ಮ ಹೆಸರೇ ಇಟ್ಬಿಡ್ರೀ. ನಾಲ್ಕು ಗಂಟೆಗೆ ಪರದೆ ಸರಿಸ್ತೀನಿ."

ಪಕ್ಕದ ಕೋಣೆಯಲ್ಲಿ ಟೈಪಿಸ್ಟ್ ಫೋನಿಟ್ಟು ಬಾಯಿಗೆ ಕರವಸ್ತ್ರ ತುರುಕಿಕೊಂಡ. ಆಫೀಸು ಬಿದ್ದು ಬಿದ್ದು ನಕ್ಕಿತು.

ಮಾಮ ಬರೆದ. ಮೂರು ಚೀಟಿ ಹಾಳಾಗಿ ನಾಲ್ಕನೆಯದು ಮನಸ್ಸಿಗೊಪ್ಪಿತು. ಮನೆಗೆ ಫೋನ್ ಮಾಡಿದ: "ಲೇ, ಒಳ್ಳೇ ಸೀರೆ ಉಟ್ಕೊಂಡು ಬಾರೇ!" ಮಧ್ಯಾಹ್ನಕ್ಕೆ ಹೆಂಡತಿ, ಭಾವಮೈದುನ, ಒಂದು ದಿನವೂ ಅವನಿಗೆ 'ಕೂತ್ಕೊಳಿ' ಎನ್ನದ ಎದುರುಮನೆಯವರು, ಎಲ್ಲ ಹಾಜರು. ಮಾಮ ಹೊಸ ಮದುಮಗನಂತೆ ಓಡಾಡಿದ.

ಅದನ್ನು ಕಂಡು ಟೈಪಿಸ್ಟ್ ಅವನನ್ನು ಪಕ್ಕಕ್ಕೆ ಕರೆದ. "ಮಾಮ, ಆ ಚೀಟಿ ವಿಷಯ ಒಂದು ಮಾತು..."

"ಹೊಟ್ಟೆಕಿಚ್ಚು ಕಣೋ ನಿಂಗೆ. ಹೋಗಿ ಕುರ್ಚಿ ಹಾಕು!"

ನಾಲ್ಕಕ್ಕೆ ನಿರ್ದೇಶಕರು ಪರದೆ ಸರಿಸಿ ಹುಬ್ಬೇರಿಸಿದರು. "ಇದೇನ್ರೀ ಇದು? ಯಾರು ಹೇಳಿದ್ದು?"

"ನೀವೇ ಸಾರ್, ಬೆಳಿಗ್ಗೆ ಫೋನಲ್ಲಿ..."

"ನಾನೆಲ್ಲಿ ಮಾಡಿದ್ದೆ ಫೋನು?"

ಮಾಮನ ಮುಖ ನೀರು ಬಿದ್ದ ಶಾಯಿಯಂತೆ ಕದಡಿತು. ಟೈಪಿಸ್ಟ್ ಸೂರಿನ ತೊಲೆ ಎಣಿಸತೊಡಗಿದ. ಚೀಟಿ ಕೀಳಲು ಕೈಯೆತ್ತಿದ ನಿರ್ದೇಶಕರ ಕಣ್ಣು ಕೆಳಗಿನ ಸಾಲುಗಳಿಗೆ ಹೋಯಿತು. ಗಟ್ಟಿಯಾಗಿ ಓದಿದರು:

"ಹಗಲೆಲ್ಲ ಒಂದೇ ಕಡೆ ಕೂತಿರುತ್ತದೆ. ಮೈ ದಪ್ಪ, ನಡಿಗೆ ನಿಧಾನ. ಗಂಡಿಗೂ ದನಿಯಿಲ್ಲ. ತುಳಿದರೂ ಕಚ್ಚದು, ಉಬ್ಬಿಕೊಂಡು ಸುಮ್ಮನಾಗುತ್ತದೆ."

ಮಾಮನನ್ನು ನೋಡಿದರು. ಚೀಟಿಯನ್ನು ನೋಡಿದರು. ಮತ್ತೆ ಮಾಮನನ್ನು.

"ಇರ್ಲಿ ಬಿಡ್ರೀ. ಇದಕ್ಕಿಂತ ಒಪ್ಪೋ ಹೆಸರು ಎಲ್ಲಿ ಸಿಗುತ್ತೆ? ಇದೇ ಖಾಯಂ."

"ಅಯ್ಯೋ, ಒಂದಕ್ಷರ ತಪ್ಪಿಲ್ದಂಗೆ ಬರ್ದಿದಾರೆ ನಮ್ಮನೆಯವ್ರು!" ಎಂದು ಹೆಂಡತಿ ಕಣ್ಣೊರೆಸಿಕೊಂಡಳು, ನಿಜವಾದ ಹೆಮ್ಮೆಯಿಂದ.

ಹಾಲ್ ಸ್ಫೋಟಿಸಿತು. ಭಾವಮೈದುನ ಗಾಜಿನ ಪೆಟ್ಟಿಗೆ ಹಿಡಿದುಕೊಂಡು ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ಮಾಮ. ಗಂಡಿಗೂ ದನಿಯಿದೆಯೆಂದು ಒಮ್ಮೆಯಾದರೂ ತೋರಿಸಬೇಕಿತ್ತಲ್ಲ!