ನಮ್ಮ ಮನೆಗೆ ಮೋರ್ಸ್ ಕೋಡ್ ಬಂತು

ಎಲ್ಲರ ಮನೆಯಲ್ಲೂ ಫೋನ್ ಸದ್ದಾಗುತ್ತದೆ, ಎತ್ತುತ್ತಾರೆ, ಮಾತು ಮುಗಿಯುತ್ತದೆ. ನಮ್ಮ ಮನೆಯಲ್ಲಿ ಫೋನ್ ಸದ್ದಾದರೆ ಸಾಕು, ಏನೋ ಒಂದು ರಾಮಾಯಣ ಶುರುವಾಗುತ್ತದೆ. ಇದಕ್ಕೆಲ್ಲ ಕಾರಣ ನಮ್ಮ ಯಜಮಾನರು. ನ್ಯಾಮತಿಯಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಅವರಿಗೆ ಎಲ್ಲಿಂದಲೋ ಒಂದು ಆ್ಯಪ್ ಸಿಕ್ಕಿತು. ಇಂಗ್ಲಿಷ್ ಅಕ್ಷರದಲ್ಲಿ ಯಾವ ಪದ ಬರೆದರೂ ಅದನ್ನು ಹಳೇ ಕಾಲದ ತಂತಿ ಕಚೇರಿಯ ಸದ್ದು ಮಾಡಿ ಕೊಡುತ್ತದೆ. ಗಿಡ್ಡದ್ದು ‘ಟಿ’, ಉದ್ದದ್ದು ‘ಟೀ’. ಮೋರ್ಸ್ ಕೋಡ್ ಅಂತೆ.

“ಕೈ ತುಂಬಾ ಗ್ರೀಸ್ ಇರ್ತೈತೆ ಕಣೇ. ಫೋನ್ ಮುಟ್ಟದೇನೇ ಯಾರು, ಯಾಕೆ ಅಂತ ಗೊತ್ತಾಗಬೇಕು” ಅಂದರು.

ಅವರ ಫೋನಿಗಷ್ಟೇ ಮಾಡಿಕೊಂಡಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮನೆಯವರ ಫೋನುಗಳಿಗೆಲ್ಲ ಮಾಡಿಟ್ಟರು.

ಮಗಣ, ಮಗಣ, ರಗಣ

ನಾನು ಹೊನ್ನಾಳಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಯಜಮಾನರು ನನಗೆ ಮೆಸೇಜ್ ಕಳಿಸುವುದು ಊಟದ ವಿಚಾರಕ್ಕೆ ಮಾತ್ರ. ಹಾಗಾಗಿ ಅವರ ಮೆಸೇಜಿಗೆ ನನ್ನ ಫೋನಿನಲ್ಲಿ ‘ಊಟ’ ಅಂತಲೇ ಸದ್ದು ಇಟ್ಟಿದ್ದರು. ಒಂಬತ್ತನೇ ತರಗತಿಯಲ್ಲಿ ಛಂದಸ್ಸು ನಡೆಯುತ್ತಿತ್ತು. ಲಘು ಅಂದರೆ ಗಿಡ್ಡ, ಗುರು ಅಂದರೆ ಉದ್ದ ಎಂದು ಗಂಟಲು ಹರಿದುಕೊಂಡು ಹೇಳುತ್ತಿದ್ದೆ. ಸೈಲೆಂಟ್ ಮಾಡಲು ಮರೆತಿದ್ದ ಫೋನು ಬ್ಯಾಗಿನೊಳಗಿಂದ ಶುರು ಮಾಡಿತು: ಟೀ ಟೀ ಟೀ, ಟೀ ಟೀ ಟೀ, ಟೀ ಟಿ ಟೀ.

ಇಷ್ಟು ದಿನ ಒಂದು ಗಣವನ್ನೂ ಸರಿಯಾಗಿ ಹೇಳದ ಹುಡುಗಿ ಮುಂದಿನ ಬೆಂಚಿನಿಂದ ಎದ್ದು ನಿಂತಳು. “ಮಗಣ, ಮಗಣ, ರಗಣ. ಸರಿ ಐತಾ ಮೇಡಂ?”

ಸರಿಯಾಗಿಯೇ ಇತ್ತು. ಹೊಟ್ಟೆ ಉರಿಯಿತು.

“ಇದು ಯಾವ ಪದ್ಯದ್ದು ಮೇಡಂ?” ಅಂತ ಇನ್ನೊಬ್ಬಳು.

ತೆಗೆದು ನೋಡಿದೆ. ‘ಸಾರು ಎಲ್ಲಿಟ್ಟಿದೀಯ’ ಅಂತ ಇತ್ತು. “ಸಾರಿನದು ಕಣಮ್ಮ, ಕೂತ್ಕೋ” ಅಂದೆ.

ಅಳುವ ಇನ್ವರ್ಟರ್

ನಮ್ಮ ಅತ್ತೆಯವರ ಫೋನಿಗೆ, ಮಗಳು ಕರೆ ಮಾಡಿದರೆ ‘ಅಮ್ಮ’ ಎನ್ನುವ ಸದ್ದು ಇಟ್ಟರು. ಅತ್ತೆಗೆ ಹೇಳುವುದನ್ನು ಮಾತ್ರ ಮರೆತರು. ಅತ್ತೆ ದಿನಾ ಅದನ್ನು ಕೇಳಿ, “ಇನ್ವರ್ಟರ್ ಅಳ್ತಾ ಐತೆ” ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿಕಳಿಸಿದರು. ಅವನು ಬಂದು ಬ್ಯಾಟರಿಗೆ ನೀರು ಹಾಕಿ ಹೋದ. ಮಾರನೇ ದಿನ ಮತ್ತೆ ಅತ್ತಿತು. ವಯರ್ ಬದಲಾಯಿಸಿದ. ಮತ್ತೂ ಅತ್ತಿತು. ಅತ್ತ ಬಿಳಿಚೋಡಿನಲ್ಲಿ ನಾದಿನಿ, “ಅವ್ವ ನನ್ನ ಫೋನೇ ಎತ್ತಲ್ಲ” ಎಂದು ಮುನಿಸಿಕೊಂಡಳು. ಇತ್ತ ಅತ್ತೆ, “ಮಗಳು ಮರೆತೇ ಬಿಟ್ಟಳು” ಎಂದು ಊಟ ಬಿಟ್ಟರು. ಇಬ್ಬರ ನಡುವೆ ರಾಜಿ ಮಾಡಿಸುವ ಕೆಲಸ ನನ್ನ ತಲೆಗೆ ಬಂತು.

ಕೊನೆಗೆ ಆ ಎಲೆಕ್ಟ್ರಿಷಿಯನ್ನೇ ಸದ್ದಿನ ಜಾಡು ಹಿಡಿದು ದಿಂಬಿನ ಅಡಿಯಿಂದ ಫೋನ್ ಎಳೆದು ಕೊಟ್ಟ. ಅತ್ತೆ ಮಗಳಿಗೆ ಹೇಳಿದರು: “ತಪ್ಪು ನಂದಲ್ಲ ಕಣೇ. ನೀನು ಬ್ಯಾಟರಿ ಬಾಯಲ್ಲಿ ಮಾತಾಡಿದ್ರೆ ನಂಗೆ ಹೆಂಗೆ ತಿಳೀಬೇಕು?”

ನಾಕು ಸಲ ಅಂದರೆ

ಚನ್ನಗಿರಿಗೆ ಇಬ್ಬರೂ ಬಸ್ಸಿನಲ್ಲಿ ಹೊರಟಿದ್ದೆವು. ಯಜಮಾನರ ಗೆಳೆಯರದೊಂದು ಟೀ ಕುಡಿಯುವ ಗ್ರೂಪ್ ಇದೆ. ಬೆಳಗಾದರೆ ಫೋನಿಗೆ ಸೂರ್ಯ, ಹೂವು, ಶುಭೋದಯ. ಅದಕ್ಕೆ ಇಂಗ್ಲಿಷಿನ ‘ಟೀ’ ಪದದ ಸದ್ದು: ಟೀ, ಟಿ, ಟಿ ಟೀ. ಆ ಬಸ್ಸಿನಲ್ಲಿ ಕಂಡಕ್ಟರ್ ಗುಂಡಿ ಒತ್ತಿದರೆ ಡ್ರೈವರ್ ತಲೆ ಮೇಲೆ ಬೆಲ್ ಆಗುತ್ತದೆ. ಅದರ ಸದ್ದೂ ಇಂಥದ್ದೇ. ನಾವು ಕೂತಿದ್ದು ಡ್ರೈವರ್ ಹಿಂದಿನ ಸೀಟಿನಲ್ಲಿ.

ಒಂದು ಶುಭೋದಯ ಬಂತು, ಬಸ್ಸು ನಿಂತಿತು. ಹತ್ತುವವರಿಲ್ಲ, ಇಳಿಯುವವರಿಲ್ಲ, ಸುತ್ತ ಜೋಳದ ಹೊಲ. ಹೊರಟಿತು. ಇನ್ನೊಂದು ಶುಭೋದಯ. ನಿಂತಿತು. ಡ್ರೈವರ್ರೂ ಕಂಡಕ್ಟರೂ ಜಗಳಕ್ಕೆ ಬಿದ್ದರು. ಆಗಾದರೂ ಸುಮ್ಮನಿರಬೇಕಲ್ಲ, ಯಜಮಾನರು ಎದ್ದು ನಿಂತು ಮೋರ್ಸ್ ಕೋಡ್ ಅಂದರೇನು ಎಂದು ವಿವರಿಸತೊಡಗಿದರು.

ಡ್ರೈವರ್ ಪೂರ್ತಿ ಕೇಳಿಸಿಕೊಂಡ. “ಅಣ್ಣಾರೇ, ನನ್ನ ಬಸ್ಸಲ್ಲಿ ಒಂದು ಸಲ ಅಂದ್ರೆ ನಿಲ್ಸು. ಎರಡು ಸಲ ಅಂದ್ರೆ ಹೋಗು. ನಿಮ್ಮದು ನಾಕು ಸಲ ಅಂತೈತೆ. ನಾಕಕ್ಕೆ ಏನರ್ಥ ಅಂತ ನಾನು ಹೇಳ್ತೀನಿ. ನೀವಿಬ್ರೂ ಇಳೀರಿ.”

ಹೂಂ

ಇಷ್ಟಾದ ಮೇಲೂ ನಾದಿನಿಯ ಮಗಳ ವಿಷಯದಲ್ಲಿ ಈ ಮನುಷ್ಯನನ್ನು ನಂಬಿದೆವಲ್ಲ, ಅದು ನಮ್ಮ ಕರ್ಮ. ಹುಡುಗಿ ಜಗಳೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳನ್ನು ನೋಡಲು ಕತ್ತಲಗೆರೆಯಿಂದ ಗಂಡಿನವರು ಬರುವವರಿದ್ದರು. “ಮಾವ, ನನ್ನ ಕೇಳದೆ ಯಾರಿಗೂ ಮಾತು ಕೊಡಬೇಡಿ” ಎಂದು ಅವಳು ಮೊದಲೇ ಹೇಳಿದ್ದಳು. ಆದರೆ ಅಷ್ಟು ಜನರ ಎದುರಿಗೆ ಕೇಳುವುದು ಹೆಂಗೆ?

“ಅದಕ್ಕೆ ನಾನಿದೀನಲ್ಲ” ಅಂದರು ಯಜಮಾನರು. ಅವಳ ಫೋನಿಗೆ ಎರಡು ಸದ್ದು ಹಾಕಿಕೊಟ್ಟರು. ಒಂದು ‘ಹೂಂ’, ಇನ್ನೊಂದು ‘ಬೇಡ’. ಕಾಫಿ ಕೊಟ್ಟು ಒಳಗೆ ಹೋದ ಮೇಲೆ ಯಾವುದಾದರೂ ಒಂದನ್ನು ಒತ್ತಿದರಾಯಿತು.

ಗಂಡಿನವರು ನಾದಿನಿಯ ಮನೆಗೆ ಬಂದರು. ಹುಡುಗ ತಲೆ ತಗ್ಗಿಸಿ ಅವಲಕ್ಕಿ ತಿಂದ. ಹುಡುಗಿ ಕಾಫಿ ಕೊಟ್ಟು ಒಳಗೆ ಹೋದಳು. “ನಿಮ್ಮ ಕಡೆ ಅಭಿಪ್ರಾಯ ಹೆಂಗೈತೆ?” ಎಂದು ಹುಡುಗನ ಅಪ್ಪ ಕೇಳಿದರು. ಒಳಗಿಂದ ಸದ್ದು ಬಂತು. ಟಿ ಟಿ ಟಿ ಟಿ, ಟೀ ಟೀ ಟೀ, ಟೀ ಟೀ ಟೀ.

ಯಜಮಾನರು ಕಣ್ಣು ಮುಚ್ಚಿ ಗಂಭೀರವಾಗಿ ತಲೆ ಆಡಿಸಿದರು. ಆಮೇಲೆ ನನ್ನ ಕಿವಿಗೆ ಬಾಗಿ, “ಯಾವುದಿದು?” ಅಂದರು.

“ನನ್ನ ಕೇಳ್ತೀರಲ್ಲ, ಮಾಡಿದ್ದು ನೀವಲ್ವಾ?”

“ನಾನು ಟೈಪ್ ಮಾಡಿದ್ದು ಅಷ್ಟೇ. ಕೇಳಿ ತಿಳ್ಕಳಾಕೆ ನಾನೇನು ತಂತಿ ಕಚೇರೀಲಿ ಇದ್ನಾ?”

ಊರಿಗೆಲ್ಲ ಮೋರ್ಸ್ ಕೋಡ್ ಹಂಚಿದ ಮನುಷ್ಯನಿಗೆ ಒಂದಕ್ಷರವೂ ಬರುವುದಿಲ್ಲ ಎಂದು ನನಗೆ ತಿಳಿದದ್ದು ಆವಾಗಲೇ. ಒಳಗಿಂದ ಮತ್ತೆ ಅದೇ ಸದ್ದು, ಇನ್ನೂ ಜೋರಾಗಿ.

“ಯಾರದೋ ಫೋನು ಬಡ್ಕಂತಾ ಐತೆ, ಎತ್ರೀ” ಅಂದರು ಹುಡುಗನ ಅಪ್ಪ.

“ಇಷ್ಟು ಜೋರಾಗಿ ಅಂತಾಳೆ ಅಂದ್ರೆ ಬೇಡ ಅಂತಾನೇ ಇರ್ಬೇಕು” ಎಂದು ನನಗೆ ಪಿಸುಗುಟ್ಟಿ, ಯಜಮಾನರು ಗಂಟಲು ಸರಿಮಾಡಿಕೊಂಡರು. ನಾನು ಮಕ್ಕಳು ಸೆರಗು ಹಿಡಿದು ಜಗ್ಗುವಂತೆ ಅವರ ಅಂಗಿ ಹಿಡಿದು ಜಗ್ಗಿದೆ. ಕೇಳಲಿಲ್ಲ. “ಏನಿಲ್ಲ ಸ್ವಾಮಿ, ಹುಡುಗಿ ಇನ್ನೂ ಮುಂದೆ ಓದ್ಬೇಕು ಅಂತಾಳೆ. ಈಗಲೇ ಮದುವೆ ಅಂದ್ರೆ…”

ಅಡುಗೆಮನೆ ಬಾಗಿಲು ದಢಾರನೆ ತೆರೆಯಿತು. ಹುಡುಗಿ ಫೋನ್ ಹಿಡಿದುಕೊಂಡು ನಡುಮನೆಗೇ ಬಂದು ನಿಂತಳು.

“ಮಾವ, ನಾನು ಹೂಂ ಅಂತ ಇನ್ನೂ ಎಷ್ಟು ಸಲ ಕೂಗಿಸ್ಲಿ?”

ನಾದಿನಿ ಹಣೆ ಚಚ್ಚಿಕೊಂಡಳು. ಹುಡುಗನ ಅಪ್ಪ ನಿಧಾನಕ್ಕೆ ಮಗನ ಕಡೆ ತಿರುಗಿ, “ನಿಂದೇನಪ್ಪಾ?” ಎಂದು ಕೇಳಿದರು.

ಅಲ್ಲಿಯವರೆಗೆ ತಲೆಯೇ ಎತ್ತದಿದ್ದ ಹುಡುಗ ತಟ್ಟೆ ಕೆಳಗಿಟ್ಟು, ಹುಡುಗಿಯನ್ನು ನೋಡಿ, “ನಂದು ಬಾಯಲ್ಲೇ ಹೇಳಿಬಿಡ್ತೀನಿ ಕಣ್ರೀ, ನಿಮ್ಮ ಮಾವನ್ನ ನಂಬಾಕೆ ಆಗಲ್ಲ” ಅಂದ. “ಹೂಂ.”